ಮೂವತ್ತಡಿ ರಸ್ತೆಗೆ ಅಡ್ಡ ನಿಂತ ಊರಬಾಗಿಲು

ರಸ್ತೆ ಅಳೆಯುವವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸರಪಳಿ ಬಿಚ್ಚಿ ನೆಲಕ್ಕೆ ಹಾಕಿದರೆ ಸಾಕು, ಅದೇ ಬಂದು ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಓವರ್ಸಿಯರ್ ಆಗಿ ನಾನು ತಿರುಗಿದ ಊರುಗಳಲ್ಲೆಲ್ಲ ಹೀಗೇ ಆಗಿದೆ. ಆದರೆ ಮೊದಲನೆಯ ಊರಿನಲ್ಲಿ ಆದಷ್ಟು ಮತ್ತೆಲ್ಲೂ ಆಗಲಿಲ್ಲ. ಆ ಊರು ಕಡೂರಿಗೂ ಅಜ್ಜಂಪುರಕ್ಕೂ ನಡುವೆ ರೈಲಿನ ಹಾದಿಯಲ್ಲಿದೆ. ಹೆಸರು ಹೇಳಿದರೆ ಅಲ್ಲಿಯವರ ಮೊಮ್ಮಕ್ಕಳು ಜಗಳಕ್ಕೆ ಬಂದಾರು, ಅದಕ್ಕೇ ಹೇಳುವುದಿಲ್ಲ.

ನನ್ನದು ಆಗ ಹಂಗಾಮಿ ನೌಕರಿ. ಸ್ಟೇಷನ್ನಿನಿಂದ ಪೇಟೆಯವರೆಗೆ ಮೂವತ್ತಡಿ ಅಗಲದ ನೆಟ್ಟಗಿನ ರಸ್ತೆ ಮಾಡಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ತಾಯಿ, ಹೆಂಡತಿ, ಹಾಲು ಕುಡಿಯುವ ಮಗು. ರಸ್ತೆಯ ನಡುವೆ ಒಂದು ಹಳೆಯ ಕಲ್ಲಿನ ಊರಬಾಗಿಲು. ಕೋಟೆ ಎಂದೋ ಕರಗಿ ಮಣ್ಣಾಗಿತ್ತು. ಬಾಗಿಲು ಮಾತ್ರ ಇನ್ನೂ ನಿಂತಿತ್ತು. ಅದನ್ನು ಕೆಡವುವುದೂ ನನ್ನ ಕೆಲಸವೇ.

ಗೂಟಗಳ ನಡಿಗೆ

ಮೊದಲ ದಿನ ರಸ್ತೆಯ ಎರಡು ಅಂಚಿಗೂ ಗೂಟ ಹೊಡೆಸಿದೆ. ದೂರಕ್ಕೆ ಕಾಣಲಿ ಎಂದು ಅವಕ್ಕೆ ಸುಣ್ಣ ಬಳಿಸಿ ನಡುವೆ ಕೆಮ್ಮಣ್ಣಿನ ಪಟ್ಟೆ ಎಳೆಸಿದೆ. ಆ ಸೀಮೆಯಲ್ಲಿ ಗುಡಿಯ ಗೋಡೆಗೂ ಇದೇ ಬಣ್ಣ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಪ್ರತಿ ಗೂಟಕ್ಕೂ ಅರಿಸಿನ ಕುಂಕುಮ ಏರಿತ್ತು, ಎರಡು ಗೂಟಕ್ಕೆ ತೆಂಗಿನಕಾಯಿಯೂ ಒಡೆದಿತ್ತು.

ಊರಬಾಗಿಲಿನ ಜಗಲಿಯ ಮೇಲೆ ಮಂಡಕ್ಕಿ ಮಾರುವ ಅಜ್ಜಿಯೊಬ್ಬರಿದ್ದರು. "ಅಜ್ಜಿ, ಇದು ದೇವರಲ್ಲ, ರಸ್ತೆಯ ಗುರುತು" ಎಂದೆ.

"ಇರ್ಲಿ ಬಿಡಪ್ಪ. ದಾರಿ ಮ್ಯಾಲೆ ಹೋಗೋರ್ನ ಯಾರಾದ್ರೂ ಕಾಯ್ಬೇಕಲ್ಲ" ಎಂದರು.

ಮಧ್ಯಾಹ್ನ ಇಬ್ಬರು ಯಜಮಾನರು ಬಂದು, ಎಲ್ಲರ ಮನೆ ಮುಂದೆಯೂ ನೆಟ್ಟು ತಮ್ಮ ಮನೆ ಮುಂದೆ ಮಾತ್ರ ಯಾಕೆ ಬಿಟ್ಟಿರಿ ಎಂದು ತಕರಾರು ತೆಗೆದರು. ಇದು ಕೈ ಮೀರುತ್ತಿದೆ ಎಂದು ಡಂಗುರ ಹೊಡೆಸಿದೆ: ಗೂಟದಿಂದ ರಸ್ತೆಯ ಕಡೆಗೆ ಇರುವ ಜಗಲಿ, ಕೊಟ್ಟಿಗೆ, ಗೋಡೆ ಎಲ್ಲವನ್ನೂ ಸರ್ಕಾರ ತೆಗೆಸುತ್ತದೆ.

ಮರುದಿನ ಹೋಗಿ ಅಳೆದೆ. ಎಡಗಡೆಯವರು ತಮ್ಮ ಗೂಟ ಕಿತ್ತು ಬೀದಿಯೊಳಕ್ಕೆ ನೆಟ್ಟಿದ್ದರು, ಬಲಗಡೆಯವರೂ ಹಾಗೇ ಮಾಡಿದ್ದರು. ಮೂವತ್ತಡಿ ಇದ್ದ ಸರ್ಕಾರಿ ರಸ್ತೆ ಒಂದು ಮೇಕೆ ಹೋಗುವಷ್ಟು ಉಳಿದಿತ್ತು.

"ಯಾರನ್ನು ಕೇಳಿ ಕಿತ್ತಿರಿ?" ಎಂದು ರೇಗಿದೆ.

ಅವರಲ್ಲಿ ಹಿರಿಯರೊಬ್ಬರು ಕೈ ಮುಗಿದು, "ಗೂಟಾನೇ ಕೇಳಿ ಕಿತ್ತಿದ್ದು ಸ್ವಾಮಿ. ಪೂಜೆ ಮಾಡಿ, ಹೂ ಇಟ್ಟು ಕೇಳಿದ್ವಿ. ಬಲಗಡೆ ಹೂ ಕೊಡ್ತು" ಎಂದರು.

ಬಾಗಿಲೊಳಗೆ ಎರಡು ಗಾಡಿ

ಆ ಬಾಗಿಲು ನಿಜಕ್ಕೂ ತೊಂದರೆಯದೇ. ಉದ್ದಕ್ಕೆ ಒಂದು ಹಜಾರದಷ್ಟು, ಅಗಲಕ್ಕೆ ಒಂದೇ ಗಾಡಿಯಷ್ಟು. ಒಂದು ಬೆಳಿಗ್ಗೆ ಹಿರೇನಲ್ಲೂರು ಕಡೆಯಿಂದ ತೆಂಗಿನಕಾಯಿ ಹೇರಿಕೊಂಡು ಸ್ಟೇಷನ್ನಿಗೆ ಹೊರಟ ಗಾಡಿಯೂ, ಸ್ಟೇಷನ್ನಿನಿಂದ ಉಪ್ಪಿನ ಮೂಟೆ ತರುತ್ತಿದ್ದ ಗಾಡಿಯೂ ಬಾಗಿಲ ನಟ್ಟನಡುವೆ ಎದುರಾದವು.

"ಹಿಂದಕ್ಕೆ ತಗೊಳ್ಳೋ" ಎಂದ ಉಪ್ಪಿನವನು.

"ಒಳ್ಳೇ ಗಳಿಗೆ ನೋಡಿ ಹೊರಟಿದೀನಿ ಕಣೋ. ಹೊರಟ ಕಾಲು ಹಿಂದಕ್ಕಿಡಾಕಾಗಲ್ಲ" ಎಂದ ಕಾಯಿಯವನು.

"ನನ್ನವು ಹೊಸ ಎತ್ತು. ಮೊದಲನೇ ದಿನಾನೇ ಹಿಂದಕ್ಕೆ ನಡೆಸಿದ್ರೆ ಅದನ್ನೇ ಕಲೀತಾವೆ."

ಹೊತ್ತೇರಿತು. ಎರಡೂ ಕಡೆ ಗಾಡಿಗಳ ಸಾಲು ಬೆಳೆಯಿತು. ನಾನು ಸರ್ಕಾರದ ಹೆಸರಿನಲ್ಲಿ ಇಬ್ಬರಿಗೂ ಆಜ್ಞೆ ಮಾಡಿದೆ, ಇಬ್ಬರೂ ಕೇಳಲಿಲ್ಲ. ಕೊನೆಗೆ ಮಂಡಕ್ಕಿ ಅಜ್ಜಿ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಹೊರಟಿರೋದು ಕಾಯಿ ತಾನೇ? ಕಾಯಿ ಹಿಂದಕ್ಕೆ ಹೋಗ್ಬಾರ್ದು ಅಷ್ಟೆ. ಅವನ ಗಾಡಿಗೆ ನಿನ್ನ ಕಾಯಿ ಹಾಕು, ನಿನ್ನ ಗಾಡಿಗೆ ಅವನ ಉಪ್ಪು ಹಾಕ್ಕೋ. ಎತ್ತು ಬಿಚ್ಚಿ, ಗಾಡೀನ ಕೈಯಲ್ಲಿ ತಳ್ಕೊಂಡು ಆಚೆ ಈಚೆ ಹೋಗಿ."

ಹಾಗೇ ಮಾಡಿದರು. ಕಾಯಿ ಸ್ಟೇಷನ್ನಿಗೆ ಹೋಯಿತು, ಉಪ್ಪು ಪೇಟೆಗೆ ಹೋಯಿತು, ಯಾವ ಎತ್ತೂ ಹಿಮ್ಮೆಟ್ಟಲಿಲ್ಲ. ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಇಂಥ ಉಪಾಯ ಇಲ್ಲವಲ್ಲ ಎಂದು ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಕಾಯಿಯವನು ಪೇಟೆಯಲ್ಲಿ ಉಪ್ಪು ಇಳಿಸಿ ತನ್ನ ಊರು ಮುಟ್ಟಿ ನೋಡುತ್ತಾನೆ, ಗಾಡಿಯ ಹಿಂಬದಿಯಲ್ಲಿ ಅವನ ಅತ್ತೆ ಕೂತಿದ್ದಾರೆ. ಮೂರು ತಿಂಗಳು ಮಗಳ ಮನೆಯಲ್ಲಿದ್ದವರನ್ನು ರೈಲು ಹತ್ತಿಸಲೆಂದೇ ಅವನು ಅಂದು ಹೊರಟಿದ್ದುದು. ಮೂಟೆ ಬದಲಾಯಿಸುವ ಗದ್ದಲದಲ್ಲಿ ಅವರು ಇಳಿದು ಮಂಡಕ್ಕಿ ತಿಂದು, ಎಲ್ಲ ಮುಗಿದ ಮೇಲೆ ತಮ್ಮ ಜಾಗಕ್ಕೆ ಹತ್ತಿ ಕೂತಿದ್ದರು.

"ನಾನೇನೂ ಕಾಲು ಹಿಂದಕ್ಕಿಟ್ಟಿಲ್ಲ ಕಣಪ್ಪ, ಗಾಡಿ ಇಟ್ಟಿದ್ದು. ಇನ್ನು ಒಳ್ಳೇ ಗಳಿಗೆ ಬರೋದು ಯುಗಾದಿ ಆದ್ಮೇಲೆ" ಎಂದರಂತೆ ಆ ತಾಯಿ.

ಬಚ್ಚಲ ಕಲ್ಲು

ಅಷ್ಟರಲ್ಲಿ ಹಳೆಯ ಕಲ್ಬರಹಗಳನ್ನು ಓದುವ ಪಂಡಿತರೊಬ್ಬರು ಮೈಸೂರಿನಿಂದ ಬಂದು ಛತ್ರದಲ್ಲಿ ಇಳಿದುಕೊಂಡರು. ಸಣಕಲು ಮನುಷ್ಯ, ಕೈತುಂಬ ಮಸಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಕುಂಚದಲ್ಲಿ ತಟ್ಟಿ ತಟ್ಟಿ, ಮೇಲೆ ಮಸಿ ಒತ್ತಿ ಅಕ್ಷರ ಎಬ್ಬಿಸುತ್ತಿದ್ದರು. ನನಗೆ ಅದನ್ನು ನೋಡುವುದೇ ಒಂದು ಹುಚ್ಚಾಯಿತು. ಐದಾರು ನೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ ಕಲ್ಲು ನನ್ನ ಕಣ್ಣೆದುರೇ ಮಾತಾಡುವುದೆಂದರೆ ಊಟದ ಹೊತ್ತೂ ನೆನಪಾಗುತ್ತಿರಲಿಲ್ಲ.

ಸರ್ಕಾರ ಹಳೇ ಕಾಲದ ಖಾತೆಗಳ ನಕಲು ತೆಗೆಸುತ್ತಿದೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಚೌಳಹಿರಿಯೂರಿನ ತೋಟದ ಯಜಮಾನರೊಬ್ಬರು ತಮ್ಮ ಬಚ್ಚಲಿಗೆ ಹಾಸಿದ್ದ ಕಲ್ಲನ್ನು ಎಬ್ಬಿಸಿ ಗಾಡಿಯಲ್ಲಿ ಹೇರಿಕೊಂಡು ಬಂದರು. ನಾಲ್ಕು ಜನ ನೆಂಟರನ್ನೂ ಜೊತೆಗೆ ಕರೆತಂದಿದ್ದರು.

"ನಮ್ಮ ಮುತ್ತಾತಂಗೆ ಮಹಾರಾಜ್ರು ತೋಟ ಉಂಬಳಿ ಕೊಟ್ಟಿದ್ದು ಇದ್ರಾಗೆ ಐತೆ. ಎಲ್ಲಾರ್ಗೂ ಕೇಳಂಗೆ ಓದಿ ಬುದ್ದೀ" ಎಂದರು.

ಪಂಡಿತರು ಓದತೊಡಗಿದರು. ಕೆರೆಯ ಮೂಡಣ ದಿಕ್ಕು ಬಂತು. "ನಮ್ಮದೇ" ಎಂದರು ಯಜಮಾನರು. ಎರಡು ಹುಣಸೆಮರದ ನಡುವಿನ ನೆಲ ಬಂತು. "ನಮ್ಮದೇ, ಒಂದು ಮರ ಇನ್ನೂ ಐತೆ" ಎಂದರು. ನೆಂಟರು ತಲೆದೂಗಿದರು.

"ಈ ತೋಟವನ್ನು ಮಠದ ಅನ್ನದಾನಕ್ಕೆ ಸೂರ್ಯಚಂದ್ರರು ಇರುವ ತನಕ..." ಎಂದು ಪಂಡಿತರು ಮುಂದುವರಿಸುವಷ್ಟರಲ್ಲಿ ಯಜಮಾನರು ಎದ್ದು ನಿಂತರು. ತಮ್ಮ ಹೆಗಲ ಮೇಲಿನ ಟವೆಲನ್ನು ಆ ಕಲ್ಲಿನ ಮೇಲೆ ಹೊದಿಸಿಬಿಟ್ಟರು.

"ಇಷ್ಟೇ ಸಾಕು ಬುದ್ದೀ. ಬಿಸಿಲು ಜಾಸ್ತಿ ಆಯ್ತು, ನಿಮ್ಮ ಕಣ್ಣು ನೋವಾದಾವು."

ಸವೆದ ಸಾಲು

ಊರಬಾಗಿಲಿನ ಒಳಗೋಡೆಗೆ ಯಾವ ಕಾಲದಿಂದಲೋ ಸುಣ್ಣ ಬಳಿದೂ ಬಳಿದೂ ದಪ್ಪನಾದ ಪದರ ಕಟ್ಟಿತ್ತು. ಒಂದು ದಿನ ಸುಮ್ಮನಿರಲಾರದೆ ಉಗುರಿನಿಂದ ಕೆರೆದೆ. ಕೆಳಗೆ ಒಂದು ಅಕ್ಷರ ಸಿಕ್ಕಿತು. ಪಂಡಿತರನ್ನು ಕರೆದುಕೊಂಡು ಬಂದೆ. ಎರಡು ದಿನ ಇಬ್ಬರೂ ಸೇರಿ ತೊಳೆದೆವು.

ಯಾರೋ ಒಬ್ಬ ವರ್ತಕ ಹಾದಿಹೋಕರಿಗೆ ನೆರಳಾಗಲಿ, ಮಾರುವವರಿಗೆ ಜಗಲಿಯಾಗಲಿ ಎಂದು ಕಟ್ಟಿಸಿದ ಬಾಗಿಲು ಅದು. ಕೊನೆಯಲ್ಲಿ, ಇದನ್ನು ಕೆಡವಿದವನಿಗೆ ಹುಳುವಿನ ಜನ್ಮ ಬರಲಿ, ವಂಶ ನಿಲ್ಲದಿರಲಿ ಎಂದು ಉದ್ದನೆಯ ಶಾಪ. ಮರುದಿನ ಬೆಳಿಗ್ಗೆಯೇ ಕೆಡವಲೆಂದು ಹಾರೆ ತಂದಿಟ್ಟುಕೊಂಡಿದ್ದ ಮೇಸ್ತ್ರಿ ಅದನ್ನು ಕೇಳಿ, ಹಾರೆಯನ್ನು ಸದ್ದಾಗದ ಹಾಗೆ ಮೂಲೆಗೆ ಒರಗಿಸಿ, ನೆಂಟರ ಮದುವೆ ಇದೆ ಎಂದು ಹೊರಟೇಹೋದ.

ನನಗೆ ದಿಗಿಲಾಯಿತು. ನಿಜ ಹೇಳಬೇಕೆಂದರೆ ಆ ಬಾಗಿಲನ್ನು ಕೆಡವಲು ನನಗೂ ಮನಸ್ಸಿರಲಿಲ್ಲ, ಎರಡು ದಿನ ತೊಳೆದ ಮೇಲಂತೂ ಅದು ನಮ್ಮ ಮನೆಯದೇ ಅನ್ನಿಸುತ್ತಿತ್ತು. ಆದರೆ ಎಂಟು ದಿನಕ್ಕೆ ಇಂಜಿನಿಯರ್ ಸಾಹೇಬರು ತನಿಖೆಗೆ ಬರುವವರಿದ್ದರು. ಅಷ್ಟರಲ್ಲಿ ಬಾಗಿಲು ಹೋಗದಿದ್ದರೆ ನಾನು ಹೋಗುತ್ತಿದ್ದೆ.

ಮುನಿಸಿಪಾಲಿಟಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು, ವಿಭೂತಿ ಧರಿಸದೆ ಹೊರಗೆ ಕಾಲಿಡದವರು. ಅವರ ಮಂಡಿ ಬಾಗಿಲಿನ ಪಕ್ಕದಲ್ಲೇ ಇತ್ತು. ರೈಲು ನೆಟ್ಟಗೆ ಬರುವಾಗ ತಮ್ಮ ಗಾಡಿ ಸಾಲಿನಲ್ಲಿ ಕಾಯುವುದು ಅವಮಾನ ಎಂದು ಈ ರಸ್ತೆಗಾಗಿ ವರ್ಷಗಟ್ಟಲೆ ಅರ್ಜಿ ಬರೆದವರೂ ಅವರೇ. ಕೆಡವಲು ಅವರ ಸಹಿ ಬೇಕಿತ್ತು. ಕಾಗದ ಹಿಡಿದು ಹೋದೆ. ಅವರು ಪಂಡಿತರನ್ನು ಕರೆಸಿದರು.

"ಶಾಪ ಯಾರಿಗೆ ತಟ್ತದೆ ಸ್ವಾಮಿ? ಹಾರೆ ಹಾಕಿದೋನಿಗೆ ತಾನೇ?"

"ಹಾರೆ ಹಾಕಿದವನಿಗೆ, ಹಾಕಿಸಿದವನಿಗೆ, ನೋಡಿಕೊಂಡು ಸುಮ್ಮನಿದ್ದವನಿಗೆ" ಎಂದರು ಪಂಡಿತರು, ತಮ್ಮ ಮಸಿ ಅಚ್ಚಿನ ಕಾಗದ ನೋಡಿಕೊಂಡು.

ಸಾಹುಕಾರರು ಲೇಖನಿ ಕೆಳಗಿಟ್ಟರು. ನಾನು ಕೇಳಿದೆ, "ಹಂಗಾಮಿ ನೌಕರಿಯಲ್ಲಿ ಮೇಲಿನವರ ಮಾತಿಗೆ ಮಾಡಿದವನಿಗೆ?"

ಪಂಡಿತರು ಬಹಳ ಹೊತ್ತು ಹುಡುಕಿದರು. "ಆ ಸಾಲು ಸವೆದುಹೋಗಿದೆ" ಎಂದರು.

ಹಾರ ಹಾಕಿದ ಹಾರೆ

ಸಾಹುಕಾರರು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಸಾಹೇಬರು ರೈಲು ಹಳಿಯ ಟ್ರಾಲಿಯಿಂದ ಇಳಿಯುವ ದಿನ ಬಾಗಿಲಿಗೆ ತೋರಣ ಕಟ್ಟಿಸಿದರು, ಓಲಗ ಊದಿಸಿದರು. ಹೊಸ ಹಾರೆಯೊಂದಕ್ಕೆ ಅರಿಸಿನ ಕುಂಕುಮ ಹಚ್ಚಿಸಿ, ಸೇವಂತಿಗೆ ಹಾರ ಸುತ್ತಿಸಿ, ತಟ್ಟೆಯಲ್ಲಿಟ್ಟು ಸಾಹೇಬರ ಮುಂದೆ ಹಿಡಿದರು.

"ಮೊದಲನೇ ಏಟು ತಮ್ಮ ಹಸ್ತದಿಂದ್ಲೇ ಆಗ್ಬೇಕು ಅಂತ ಊರಿನೋರೆಲ್ಲರ ಆಸೆ" ಎಂದರು.

ಬೆಂಗಳೂರಿನ ಸಾಹೇಬರು ಹಿಗ್ಗಿದರು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಹಾರೆ ಎತ್ತಿದರು. ಜನವೆಲ್ಲ ಒಮ್ಮೆಗೇ ಬೆನ್ನು ತಿರುಗಿಸಿ ನಿಂತುಬಿಟ್ಟಿತು, ನೋಡಿದವರಿಗೂ ಶಾಪ ಉಂಟಲ್ಲ. ಓಲಗದವರು ಗೋಡೆಯ ಕಡೆ ಮುಖ ಮಾಡಿ ಊದುತ್ತಿದ್ದರು. ಎದುರಿಗೆ ಉಳಿದದ್ದು ಜಗಲಿ ಬಿಟ್ಟು ಏಳದ ಮಂಡಕ್ಕಿ ಅಜ್ಜಿ ಒಬ್ಬರೇ.

"ನಿಂಗೆ ಮಕ್ಕಳೆಷ್ಟಪ್ಪಾ?" ಎಂದು ಕೇಳಿದರು.

ಸಾಹೇಬರು ಹಾರೆ ಹಿಡಿದೇ ನನ್ನ ಕಡೆ ತಿರುಗಿದರು. ನಾನು ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ. ಅವರು ನಕ್ಕು, ಇದೆಲ್ಲ ಮೂಢನಂಬಿಕೆ ಎಂದರು. ಆಮೇಲೆ ತಮ್ಮ ಭುಜ ಒಂದು ವಾರದಿಂದ ನೋಯುತ್ತಿದೆ ಎಂದು ಹಾರೆಯನ್ನು ತಟ್ಟೆಗೆ ವಾಪಸು ಇಟ್ಟರು. ನಕ್ಷೆ ಕೇಳಿ ಬಿಡಿಸಿ ನೋಡಿದರು.

"ಬಾಗಿಲಿನ ಪಕ್ಕದಲ್ಲಿ ಇದೇನು, ಅಳಿಸಿದ ಗೆರೆ?"

ಬಾಗಿಲು ಉಳಿಸುವ ದಾರಿ ಇದೆಯೇ ಎಂಬ ಕುತೂಹಲ ತಡೆಯಲಾರದೆ ನಾನೇ ಒಂದು ಸಂಜೆ ಅಳೆದು ಎಳೆದಿದ್ದ ಗೆರೆ ಅದು. ಎಳೆದ ಮೇಲೆ ಹೆದರಿ ಅಳಿಸಿದ್ದೆ. ಬಾಗಿಲನ್ನು ಸುತ್ತಿ ಬಳಸಿ ಹೋದರೂ ಮೂವತ್ತಡಿ ಸಿಗುತ್ತದೆ ಎಂದು ಒಪ್ಪಿಕೊಂಡೆ. ಸಾಹೇಬರು ಸೀಸದ ಕಡ್ಡಿ ತೆಗೆದು ಅದೇ ಗೆರೆಯ ಮೇಲೆ ಗಟ್ಟಿಯಾಗಿ ಎಳೆದು, ಹಾರೆ ಎತ್ತುವುದು ತಪ್ಪಿದ ಸಂತೋಷಕ್ಕೋ ಏನೋ, ಈ ಓವರ್ಸಿಯರನನ್ನು ಕಾಯಂ ಮಾಡಬಹುದು ಎಂದು ಅಂಚಿನಲ್ಲೇ ಬರೆದು ಸಹಿ ಹಾಕಿದರು. ನನಗೆ ಅಳು ಬಂದಂತಾಗಿ, ಕೈಯಲ್ಲಿದ್ದ ಅವರ ಕೋಟಿನಿಂದಲೇ ಕಣ್ಣು ಒರೆಸಿಕೊಂಡೆ.

ಬೆನ್ನು ತಿರುಗಿಸಿದ್ದ ಸಾಹುಕಾರರು ಹಾರೆಯ ಸದ್ದು ಕೇಳದೆ ಮೆಲ್ಲಗೆ ಇತ್ತ ತಿರುಗಿದರು. ನಕ್ಷೆಗೆ ಬಗ್ಗಿ ಗೆರೆಯ ಮೇಲೆ ಬೆರಳು ಜಾರಿಸುತ್ತಾ ಹೋದರು. ಬೆರಳು ಬಾಗಿಲನ್ನು ಬಳಸಿತು, ಪಕ್ಕಕ್ಕೆ ಸರಿಯಿತು, ನೇರವಾಗಿ ಅವರ ಕೊಬ್ಬರಿ ಮಂಡಿಯ ಜಗಲಿಯ ಮೇಲೆ ಹತ್ತಿ ಅಲ್ಲೇ ನಿಂತಿತು.

ಅವರು ಪಂಡಿತರ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ನಾನು ಹಿಂದೆಯೇ ಇದ್ದೆ.

"ಸ್ವಾಮಿ, ನಮ್ಮ ಮಂಡಿ ಜಗಲಿ ಕಲ್ಲಿನ ಮ್ಯಾಲೂ ಅಂಥಾದ್ದೇ ನಾಕು ಸಾಲು ಕೆತ್ತಿಸ್ಬೋದಾ? ಶಾಪ ಸ್ವಲ್ಪ ಖಾರವಾಗೇ ಇರ್ಲಿ."

"ಧಾರಾಳವಾಗಿ ಕೆತ್ತಿಸಿ ಸಾಹುಕಾರರೇ" ಎಂದರು ಪಂಡಿತರು. "ಅದಕ್ಕೆ ಬೆಲೆ ಬರಲು ಐನೂರು ವರ್ಷ ಬೇಕು. ರಸ್ತೆ ಸೋಮವಾರ ಶುರುವಂತೆ."