ಗುರುವಾರದ ಕರೆಂಟು

ಎಪ್ಪತ್ತೆರಡು ತುಂಬಿದ ವರ್ಷ ತಿಮರೂ ಊರಿನ ಡೆಸ್ಮಂಡ್ ಕ್ರೋಥರ್‌ಗೆ ಒಂದು ಸದ್ಬುದ್ಧಿ ಬಂತು: ಇನ್ನು ಮುಂದೆ ಕರೆಂಟಿನ ಕೆಲಸವನ್ನು ನಿಯಮ ಓದಿಕೊಂಡು ಮಾಡುವುದು. (ಇಷ್ಟು ದಿನ ಏನು ಓದಿಕೊಂಡು ಮಾಡುತ್ತಿದ್ದೆ ಎಂದು ಹೆಂಡತಿ ಬೆರಿಲ್ ಕೇಳಲಿಲ್ಲ. ಕೇಳಬಾರದ ಪ್ರಶ್ನೆಗಳ ಪಟ್ಟಿಯೊಂದನ್ನು ಅವಳು ನಲವತ್ತೇಳು ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದಳು.)

ನಮ್ಮ ನ್ಯೂಜಿಲೆಂಡಿನ ಕಾನೂನು ದೊಡ್ಡ ಮನಸ್ಸಿನದು. ಸ್ವಂತ ಮನೆಯಲ್ಲಿ ಮನೆಯೊಡೆಯನೇ ತಂತಿ ಎಳೆಯಬಹುದು. ಆದರೆ ಅದರಲ್ಲಿ ಕರೆಂಟು ಹರಿಯುವ ಮೊದಲು ಪರವಾನಗಿ ಇರುವ ಇನ್ಸ್‌ಪೆಕ್ಟರು ಬಂದು ಪರೀಕ್ಷಿಸಿ ಸಹಿ ಹಾಕಬೇಕು. ಡೆಸ್ ಇಷ್ಟು ವರ್ಷ ಈ ವಾಕ್ಯದ ಮೊದಲರ್ಧವನ್ನು ಮಾತ್ರ ಓದಿ ಜೀವನ ನಡೆಸಿದ್ದ.

"ಈ ಮನೆಯ ಒಂದೊಂದು ತಂತಿಯೂ ನನ್ನ ಕೈಯದು" ಎಂಬುದು ಬೌಲ್ಸ್ ಕ್ಲಬ್ಬಿನಲ್ಲಿ ಅವನ ಖಾಯಂ ಮಾತು. ಪ್ರತಿ ಗುರುವಾರ ಮಧ್ಯಾಹ್ನ ಬಿಳಿ ಪ್ಯಾಂಟು ತೊಟ್ಟು, ಹುಲ್ಲಿನ ಮೇಲೆ ಚೆಂಡು ಉರುಳಿಸಿ, ಇದನ್ನು ನಾಲ್ಕು ಜನಕ್ಕೆ ಹೇಳಿ ಬಂದರೆ ಅವನಿಗೆ ರಾತ್ರಿ ಊಟ ಸೇರುತ್ತಿತ್ತು. ಅವನ ಕೈಯದೊಂದು ವೈಶಿಷ್ಟ್ಯವೂ ಇತ್ತು. ಹೊಸದಾಗಿ ಏನು ಜೋಡಿಸಿದರೂ ಮೊದಲ ಕೆಲವು ದಿನ ಅದು ಗುಂಯ್ಗುಡುತ್ತಿತ್ತು, ಮಿಣುಕುತ್ತಿತ್ತು. ಆಮೇಲೆ ತಾನಾಗಿ ಸರಿಹೋಗುತ್ತಿತ್ತು. ಕರೆಂಟಿಗೂ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು ಎಂಬುದು ಅವನ ಸಿದ್ಧಾಂತ. ಅದೇ ದಿನಗಳಲ್ಲಿ ಡಬ್ಬಿಯೊಳಗಿನ ಶುಂಠಿ ಬಿಸ್ಕತ್ತು ಅರ್ಧಕ್ಕೆ ಇಳಿದಿರುತ್ತಿದ್ದುದಕ್ಕೆ ಮಾತ್ರ ಅವನ ಬಳಿ ಸಿದ್ಧಾಂತ ಇರಲಿಲ್ಲ.

ಏಳೆಂಟು ವರ್ಷಗಳ ಬಿಡುವಿನ ನಂತರ, ಈ ಸಲ ಬೆರಿಲ್‌ಳ ಹೊಲಿಗೆ ಯಂತ್ರಕ್ಕೆ ಒಂದು ಹೊಸ ಸಾಕೆಟ್ಟು. ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಮುಟ್ಟುವ ಮೊದಲು ಫ್ಯೂಸು ಕಿತ್ತು ನಿನ್ನ ಜೇಬಿಗೇ ಹಾಕಿಕೋ. ತಂತಿ ಸತ್ತಿದೆಯೆಂದು ಟೆಸ್ಟರಿನಿಂದ ನೋಡು. ಟೆಸ್ಟರು ಬದುಕಿದೆಯೆಂದು ಅದಕ್ಕೂ ಮೊದಲು ನೋಡು. ಒದ್ದೆ ಕೈ ಬೇಡ. ಒಬ್ಬನೇ ಇರುವಾಗ ಬೇಡ. ಎಲ್ಲವನ್ನೂ ವೇದವಾಕ್ಯದಂತೆ ಪಾಲಿಸಿ ಸಾಕೆಟ್ಟು ಕೂರಿಸಿದ. ಇನ್ಸ್‌ಪೆಕ್ಟರು ಮರುದಿನ ಬರುವುದೆಂದಾಯಿತು.

ಆಗ ನೆನಪಾಯಿತು ನಡುಮನೆಯ ಸ್ವಿಚ್ಚು. ಮದುವೆಯಾದ ಹೊಸತರಲ್ಲಿ, ಬೆರಿಲ್ ಟಾರ್ಚು ಹಿಡಿದು ನಿಂತಿರುವಾಗ, ಅವನು ಈ ಮನೆಯಲ್ಲಿ ಜೋಡಿಸಿದ ಮೊಟ್ಟಮೊದಲ ವಸ್ತು. ಊರಿನಲ್ಲೆಲ್ಲ ಸ್ವಿಚ್ಚು ಕೆಳಗೆ ಒತ್ತಿದರೆ ದೀಪ. ಇಲ್ಲಿ ಮಾತ್ರ ಮೇಲೆ ಒತ್ತಬೇಕು. ತಲೆಕೆಳಗಾಗಿ ಕೂರಿಸಿದ್ದ. ಅವನ ಮುಖ ಸಣ್ಣದಾಗಿದ್ದನ್ನು ಕಂಡು ಬೆರಿಲ್ ಅಂದು ನಕ್ಕುಬಿಟ್ಟಿದ್ದಳು. ನಮ್ಮನೇಲಿ ಬೆಳಕು ಮೇಲಕ್ಕೇ ಹೋಗ್ಲಿ ಬಿಡು, ಅಂದಿದ್ದಳು. ಎಷ್ಟು ಚೆಂದದ ನಗು ಅದು. ಆದರೆ ಇನ್ಸ್‌ಪೆಕ್ಟರು ನಕ್ಕರೆ ಚೆಂದವಿರುವುದಿಲ್ಲವಲ್ಲ. ಮರುದಿನ ಬೆಳಿಗ್ಗೆ ಬೆರಿಲ್ ಚರ್ಚಿನ ಹೊಲಿಗೆ ಕೂಟಕ್ಕೆ ಹೋದ ಹೊತ್ತು ನೋಡಿ, ಒಬ್ಬನೇ ಇರುವಾಗ ಬೇಡ ಎಂಬುದೊಂದನ್ನು ಬಿಟ್ಟು ಉಳಿದೆಲ್ಲ ನಿಯಮ ಪಾಲಿಸಿ, ಅದನ್ನು ನೆಟ್ಟಗೆ ತಿರುಗಿಸಿಟ್ಟ.

ಇನ್ಸ್‌ಪೆಕ್ಟರು ಮಧ್ಯಾಹ್ನ ಬಂದಳು. ಅರೋಹ ಟಿಪೆನೆ ಎಂದು ಹೆಸರು, ನಲವತ್ತರ ಹೆಂಗಸು. ಬೆರಿಲ್ ಆ ಹೆಸರು ಕೇಳಿದವಳೇ ಟೀ ಮಾಡುವ ನೆಪದಲ್ಲಿ ಅಡುಗೆಮನೆ ಸೇರಿದಳು. ಅರೋಹ ಹಳೆಯ ಲೈನು ನೋಡಲೆಂದು ಅಡುಗೆಮನೆಯ ಸಾಕೆಟ್ಟು ಬಿಚ್ಚಿ, ಅದರ ಫಲಕವನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಪಕ್ಕದ್ದನ್ನೂ ಬಿಚ್ಚಿದಳು. ತನ್ನ ಕೆಲಸಕ್ಕೆ ಬೆರಗಾಗಿದ್ದಾಳೆಂದು ಡೆಸ್ ಎದೆಯುಬ್ಬಿಸಿದ.

"ಇದು ನಮ್ಮಪ್ಪನ ಕೈಬರಹ" ಅಂದಳು ಅರೋಹ.

ಫಲಕದ ಬೆನ್ನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಹೋನೆ ಟಿಪೆನೆ, ಗುರುವಾರ. ಇನ್ನೊಂದರ ಬೆನ್ನಲ್ಲೂ ಗುರುವಾರ. ಅಪ್ಪ ತೀರಿಕೊಂಡು ಆರು ವರ್ಷವಾಯಿತು ಎಂದು ಅವಳು ಆ ಅಕ್ಷರಗಳನ್ನು ಬೆರಳಿನಿಂದ ಸವರಿದಳು. ಕೆಲವು ಗುರುವಾರ ಅಪ್ಪ ಶುಂಠಿ ಬಿಸ್ಕತ್ತು ತರುತ್ತಿದ್ದರು, ಯಾರ ಮನೆಯದೆಂದು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ ಎಂದಳು.

ಡೆಸ್ ಹೆಂಡತಿಯ ಕಡೆ ತಿರುಗಿದ. ಬೆರಿಲ್ ಟೀ ಸೋಸುವುದನ್ನು ನಿಲ್ಲಿಸಲಿಲ್ಲ.

"ನೀನು ಸುಟ್ಟುಹೋಗೋದು ನನಗೆ ಬೇಕಿರ್ಲಿಲ್ಲ ಡೆಸ್. ನಿನ್ನ ಮುಖ ಬಾಡೋದೂ ಬೇಕಿರ್ಲಿಲ್ಲ. ಅದಕ್ಕೇ ನೀನು ಬೌಲ್ಸ್‌ಗೆ ಹೋದ್ಮೇಲೆ ಎಲೆಕ್ಟ್ರಿಷಿಯನ್ ಹೋನೆನ ಕರ್ದು ಎಲ್ಲ ಸರಿಮಾಡಿಸ್ತಿದ್ದೆ."

"ಹಾಗಾದ್ರೆ ಈ ಮನೇಲಿ ನಂದು ಅಂತ ಒಂದೂ ಇಲ್ವಾ?" ಅವನ ದನಿ ನಿಜಕ್ಕೂ ಸೋತಿತ್ತು. ಕ್ಲಬ್ಬಿನಲ್ಲಿ ಉಳಿದ ಆಯುಷ್ಯ ಏನು ಮಾತಾಡುವುದು?

"ಇದೆ. ನಡುಮನೆ ಸ್ವಿಚ್ಚು. ತಂತಿ ಸರಿಯಾಗೇ ಇದೆ, ತಲೆಕೆಳಗು ಅಷ್ಟೇ, ತಿರುಗಿಸ್ಲಾ ಅಂತ ಹೋನೆ ಕೇಳ್ದ. ಅದೊಂದನ್ನ ಮುಟ್ಬೇಡ, ಅದು ನಮ್ಮ ಯಜಮಾನ್ರದು ಅಂದೆ. ಬಾಮ್ಮ, ತೋರಿಸ್ತೀನಿ."

ಅವಳು ಅರೋಹಳ ಕೈ ಹಿಡಿದುಕೊಂಡು ನಡುಮನೆಗೆ ನಡೆದಳು, ನೋಡದೆಯೇ ಗೋಡೆಗೆ ಕೈ ಚಾಚಿದಳು. ಸ್ವಿಚ್ಚು ಆಗಲೇ ಮೇಲಕ್ಕಿತ್ತು. ದೀಪ ಆರಿತ್ತು. ಬೆರಿಲ್ ಗಂಡನ ಮುಖ ನೋಡಿದಳು. ಡೆಸ್ ತನ್ನ ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನು ಒಳಕ್ಕೆ ತಳ್ಳಿದ.

ಆಮೇಲೆ ಅವನೇ, ಸ್ವಿಚ್ಚು ತಲೆಕೆಳಗಿರಬಾರದು ಅಂತ ನಿಯಮವೇನಾದರೂ ಇದೆಯೇ ಎಂದು ಇನ್ಸ್‌ಪೆಕ್ಟರನ್ನು ವಿಚಾರಿಸಿದ. ತಾನು ಅಂಥದ್ದನ್ನು ಓದಿಲ್ಲ ಎಂದಳು ಅರೋಹ. ಅವನು ಹೋಗಿ ಫ್ಯೂಸು ಕಿತ್ತು ತಂದ. ಬೆರಿಲ್ ಕೈ ಚಾಚಿದಳು, ಮರುಮಾತಿಲ್ಲದೆ ಕೊಟ್ಟ. ಫ್ಯೂಸು ಅವಳ ಏಪ್ರನ್ನಿನ ಜೇಬು ಸೇರಿತು. ಅಂದಿನ ಹಾಗೆಯೇ ಅವಳು ಟಾರ್ಚು ಹಿಡಿದು ನಿಂತಳು, ಅವನು ತಲೆಕೆಳಗಾಗಿ ತಿರುಗಿಸಿದ, ಅರೋಹ ಬಿಸ್ಕತ್ತು ತಿನ್ನುತ್ತ ಪರಿಶೀಲಿಸಿದಳು.

ಬೆಳಕು ಮೇಲಕ್ಕೆ ಹೋಯಿತು. ಬೆರಿಲ್ ನಕ್ಕಳು, ಅದೇ ನಗು.

"ಹೊಸ ಸಾಕೆಟ್ಟು?" ಎಂದ ಡೆಸ್, ಸ್ವಲ್ಪ ಧೈರ್ಯ ತಂದುಕೊಂಡು.

ಅರೋಹ ಉತ್ತರಿಸುವ ಮೊದಲು ಬೆರಿಲ್‌ಳ ಮುಖ ನೋಡಿದಳು. ಆ ನೋಟ ಡೆಸ್‌ಗೆ ಅರ್ಥವಾಯಿತು. ಗೂಟಕ್ಕೆ ನೇತುಹಾಕಿದ್ದ ಬಿಳಿ ಟೋಪಿ ತೆಗೆದು ಅದರ ಧೂಳು ಕೊಡವಿದ.

"ಗುರುವಾರ ಬಾಮ್ಮ" ಅಂದ. "ನಾನು ಬೌಲ್ಸ್‌ಗೆ ಹೋಗಿರ್ತೀನಿ. ಬಿಸ್ಕತ್ತು ಮಾತ್ರ ನಂಗೂ ಎರಡು ಉಳಿಸಿ."