ತಂಬಿಗಿ ತೂಕದ ಮಷಿನ್ನು

ಹುಬ್ಬಳ್ಳಿ-ಧಾರವಾಡ ಎರಡೂ ಊರು ಜಾಲಾಡಿದರೂ ನಮ್ಮ ಕಾಕಾನಂಥ ಗಿರಾಕಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಬಜಾರಕ್ಕೆ ಹೊರಟರೆ ಅವರು ಕಣ್ಣಿನ ಚಾಳೀಸು ಮರೆತಾರು, ಕೈಚೀಲ ಮರೆತಾರು, ಒಮ್ಮೊಮ್ಮೆ ಏನು ತರಲು ಹೊರಟೆ ಎಂಬುದನ್ನೇ ಮರೆತಾರು. ಆದರೆ ತಂಬಿಗಿ ಮರೆಯುವುದಿಲ್ಲ! ಹೌದ್ರೀ, ನೀವು ಓದಿದ್ದು ಸರಿಯಾಗಿಯೇ ಇದೆ. ತಾಮ್ರದ ತಂಬಿಗಿ. ಅದನ್ನು ಹಿಡಿದುಕೊಂಡು ಅವರು ಹೋಗುತ್ತಿದ್ದದ್ದು ಗುಡಿಗೂ ಅಲ್ಲ, ಬಯಲಿಗೂ ಅಲ್ಲ. ಮಷಿನ್ ಮಾರುವ ಅಂಗಡಿಗೆ!

ಅವರ ಜೊತೆಗೆ ತಿರುಗಿದವನು ನಾನು. ನಾನು ವ್ಯಾಪಾರ ಕಲಿತದ್ದು ಸಾಲಿಯಲ್ಲಲ್ಲ. ಮಂದಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊತ್ತು, ಗುಜರಿ ಅಂಗಡಿಗಳಲ್ಲಿ ಚೌಕಾಶಿ ಮಾಡಿ, ಕಡೆಗೆ ತಾರಿಹಾಳದಲ್ಲಿ ನನ್ನದೇ ಒಂದು ಗೇಟು-ಗ್ರಿಲ್ಲಿನ ವರ್ಕ್‌ಶಾಪು ಹಾಕಿದವನು. ನಟ್ಟು-ಬೋಲ್ಟಿನಿಂದ ಹಿಡಿದು ವೆಲ್ಡಿಂಗ್ ಮಷಿನ್ನಿನ ತನಕ ಯಾವುದನ್ನೂ ಹೇಳಿದ ದರಕ್ಕೆ ಕೊಂಡವನಲ್ಲ. ಹೀಗಾಗಿ ನಮ್ಮ ಬಳಗದಲ್ಲಿ ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆದೊಯ್ಯುವುದು ರೂಢಿ. (ಕರೆಯದಿದ್ದರೆ ನಾನೇ ಹೋಗುವುದೂ ರೂಢಿ.)

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ವಾಯರಿಲ್ಲದೆ, ಬ್ಯಾಟರಿಯ ಮೇಲೆ ನಡೆಯುವ ಗಾರ್ಡನ್ ಮಷಿನ್ನುಗಳು ನಮ್ಮ ಬಜಾರದಲ್ಲಿ ಮೆಲ್ಲಗೆ ಮುಖ ತೋರಿಸತೊಡಗಿದ್ದ ಕಾಲ. ಅಂಥದ್ದೊಂದು ಬೇಕೆಂದು ಕಾಕಾ ಹಟ ಹಿಡಿದರು. ಯಾಕೆ ಎನ್ನುತ್ತೀರಾ? ಅದನ್ನು ಹೇಳಬೇಕಾದರೆ ಗಿಳಿಗಳ ಕಥೆ ಹೇಳಬೇಕು.

ಗೋಪನಕೊಪ್ಪದಲ್ಲಿರುವ ಅವರ ಮನೆಯ ಮುಂದೆ ಮದರಂಗಿ ಗಿಡದ ಬೇಲಿ. ಅದನ್ನು ಹಚ್ಚಿದವರು, ಬೆಳೆಸಿದವರು, ಕತ್ತರಿಸಿದವರು ಅವರ ಹೆಂಡತಿ, ನಮ್ಮ ಕಾಕು. ಗೇಟಿನ ಎರಡೂ ಬದಿಗೆ ಒಂದೊಂದು ಗಿಳಿ! ಬಾಲ, ರೆಕ್ಕೆ, ಬಾಗಿದ ಕೊಕ್ಕು, ಎಲ್ಲ ಮದರಂಗಿಯದೇ. ಆಟೋದವರಿಗೆ "ಗಿಳಿ ಮನಿ" ಎಂದರೆ ಸಾಕು, ಸೀದಾ ತಂದು ಇಳಿಸುತ್ತಿದ್ದರು. ಹಾಗಿರುವಾಗ ಒಂದು ದಿನ ಕಾಕುಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ನಡಿಗೆ ತಿರುಗಿ ಬಂತು. ಬಲಗೈ ಮಾತ್ರ ಜೋತು ಬಿತ್ತು. ಬೇಲಿಯ ದೊಡ್ಡ ಕತ್ತರಿಗೋ ಎರಡೂ ಕೈ ಬೇಕು! ಮಳೆಗಾಲ ಮುಗಿಯುವಷ್ಟರಲ್ಲಿ ಗಿಳಿಗಳು ಊದಿ ಊದಿ ಕರಡಿಗಳಾದವು. ಕಾಕು ಪಡಸಾಲೆಯ ತಮ್ಮ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿಕೊಂಡರು.

ಒಮ್ಮೆ ಕಾಕಾ ಮಾಲಿಯನ್ನು ಕರೆಸಿದರು. "ನನ್ನ ಗಿಳೀಗೆ ಮಂದಿ ಕೈ ಹಚ್ಚಬಾರದು!" ಎಂದು ಕಾಕು ಒಳಗಿನಿಂದಲೇ ಚೀರಿದ ರಭಸಕ್ಕೆ ಆತ ಚಪ್ಪಲಿ ಬಿಟ್ಟು ಓಡಿದ. ಇನ್ನೊಮ್ಮೆ ಕಾಕಾ ತಾವೇ ಕತ್ತರಿ ಹಿಡಿದರು. ಎಡಗಡೆಯ ಗಿಳಿಯ ಕೊಕ್ಕು ಹಾರಿ ನೆರೆಮನೆಯವರ ಅಂಗಳಕ್ಕೆ ಬಿತ್ತು! ಅದನ್ನು ನೋಡಿದ ಕಾಕು ಸಮಾಧಾನದಿಂದಲೇ ಹೇಳಿದರು:

"ಸಾಕ್ರಿ ಇನ್ನ. ಬೇಲಿ ಕಿತ್ತ ಒಗಸ್ರಿ. ನಮ್ಮ ತಮ್ಮಗ ಹೇಳಿ ಗ್ರಿಲ್ ಹಾಕಿಸಿಬಿಡ್ರಿ."

ತಮ್ಮ ಎಂದರೆ ನಾನೇ. ಹೇಳಿಕೇಳಿ ಗ್ರಿಲ್ಲಿನವನು. ಟೇಪು ಹಿಡಿದು ಅಳತೆ ತೆಗೆದುಕೊಂಡೂ ಬಂದೆ. ಆದರೆ ಕಾಕಾ ಗೇಟಿನ ತನಕ ನನ್ನ ಹಿಂದೆ ಬಂದು, "ಕಬ್ಬಣ ತರಬ್ಯಾಡ ಈಗ. ದೀಪಾವಳಿ ತನಕ ತಡಿ" ಎಂದರು. ಆ ಮುಖ ನೋಡಿ ನಾನೂ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡೆ. ದೀಪಾವಳಿಯೊಳಗೆ ಮಷಿನ್ ಸಿಕ್ಕರೆ ಗಿಳಿ, ಇಲ್ಲವಾದರೆ ಗ್ರಿಲ್ಲು!

ಬ್ಯಾಟರಿ ಮಷಿನ್ ಕೊಳ್ಳುವವರಿಗೆ ನನ್ನದೊಂದಿಷ್ಟು ಬುದ್ಧಿವಾದ, ಪುಕ್ಕಟೆ. ಡಬ್ಬಿಯ ಮೇಲಿನ ಚಿತ್ರಕ್ಕೆ ಮರುಳಾಗಬೇಡಿ. ಮಷಿನ್ ಹಿಡಿದು ನಗುವ ಆ ಬಿಳಿಯ ಮನುಷ್ಯನ ಅಂಗಳದಲ್ಲಿ ಒಂದು ಎಲೆಯೂ ಬಿದ್ದಿರುವುದಿಲ್ಲ, ಅವನಿಗೆ ಮಷಿನ್ನಾದರೂ ಯಾಕೆ? ಕಿಟ್ಟಿನಲ್ಲಿ ಎಷ್ಟು ಸಾಮಾನು ಇವೆ ಎಂದು ಎಣಿಸುತ್ತ ಕೂತಿರೋ, ಕೆಟ್ಟಿರಿ! ಕೈಗವಸನ್ನೂ, ಎಣ್ಣೆಯ ಶೀಶೆಯನ್ನೂ, ಕಡೆಗೆ ಖಾಲಿ ಪೆಟ್ಟಿಗೆಯನ್ನೂ ಅವರು ಲೆಕ್ಕಕ್ಕೆ ಹಿಡಿದಿರುತ್ತಾರೆ. ಬ್ಯಾಟರಿ ಸತ್ತರೆ ಇನ್ನೊಂದು ಇಲ್ಲೇ ಸಿಗುತ್ತದೋ ಎಂದು ಕೇಳಿ. "ತರಿಸಿಕೊಡ್ತೇವ್ರಿ" ಅಂದರೆ ಬರುವುದಿಲ್ಲವೆಂದೇ ತಿಳಿಯಿರಿ. ಮತ್ತೆ, ಹೋಗುವುದಾದರೆ ಬೋಣಿಗೆಯ ಹೊತ್ತಿಗೇ ಹೋಗಿ. ದಿನದ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಲು ಎಂಥ ಅಂಗಡಿಯವನಿಗೂ ಮನಸ್ಸಾಗುವುದಿಲ್ಲ.

ಈ ಪ್ರಕಾರವೇ ನಾನೂ ಕಾಕಾನೂ ಮುಂಜಾನೆ ದುರ್ಗದಬೈಲಿನ ಒಂದು ಅಂಗಡಿಗೆ ಹೋದೆವು. ಬಾಗಿಲು ಅರ್ಧ ತೆರೆದಿತ್ತು. ಧೋತರ ಉಟ್ಟ ಹಿರಿಯರೊಬ್ಬರು ಹೊತ್ತಾರೆ ತಂಬಿಗಿ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡ ಅಂಗಡಿಯವನು ಗೌರವದಿಂದಲೇ ಹೇಳಿದ:

"ಅಜ್ಜಾರ, ಹಿಂದ ಐತ್ರಿ. ಸಂದ್ಯಾಗ ಹಾದು ಹೋಗ್ರಿ, ಕದಾ ತಗದಿಟ್ಟೇನಿ."

"ಹೌದೇನು? ಮಷಿನ್ನೆಲ್ಲಾ ಹಿಂದ ಇಟ್ಟೀರೇನು?" ಎಂದರು ಕಾಕಾ!

ಅವನು ನಗುವಿನಿಂದ ಚೇತರಿಸಿಕೊಂಡು ಮಷಿನ್ ತೆಗೆದಿಟ್ಟದ್ದೇ ತಡ, ಕಾಕಾ ತಂಬಿಗಿ ಮುಂದೆ ಚಾಚಿದರು. "ಕುತ್ತಗಿ ತನಕ ನೀರ ಹಾಕ್ರಿ." ನಳ ವಾರಕ್ಕೊಮ್ಮೆ ಬರುವ ಊರಿನಲ್ಲಿ, ಬೋಣಿಗೆ ಆಗುವ ಮೊದಲೇ ನೀರು ಕೇಳುವ ಗಿರಾಕಿ! ಅವನು ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದ. ಕಾಕಾ ತುಂಬಿದ ತಂಬಿಗಿಯನ್ನು ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಎದೆಮಟ್ಟಕ್ಕೆ ಹಿಡಿದು ನಿಂತರು. ಕೆಳಗಿಟ್ಟರು. ಈಗ ಅದೇ ಎಡಗೈಯಲ್ಲಿ ಮಷಿನ್ನು. ಮತ್ತೆ ಕಣ್ಣು ಮುಚ್ಚಿದರು.

"ಬ್ಯಾಡ. ಜಡಾ ಐತಿ."

ಜೀವಮಾನವಿಡೀ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಗಂಟು-ಮೂಟೆ ತೂಗಿ ನಿವೃತ್ತರಾದವರು ಅವರು. ತೂಕದ ಹುಚ್ಚು ತಲೆಗೇರಿದೆ ಎಂದುಕೊಂಡೆ. "ಕಾಕಾ, ಅವರ ಕಡೆ ತಕ್ಕಡಿ ಐತೆಲ್ರಿ" ಎಂದೆ.

"ತಕ್ಕಡಿ ಬಂದು ಗಿಡಾ ಕತ್ತರಸ್ತೈತೇನೋ, ಹುಚ್ಚಪ್ಯಾಲಿ!"

ಮುಂದಿನ ಸವಾರಿ ಧಾರವಾಡಕ್ಕೆ. ಈ ಸಲ ತಂಬಿಗಿಯ ಜೊತೆಗೆ ಬಗಲಲ್ಲಿ ಒಂದು ಹೊರೆ ಮದರಂಗಿ ಟೊಂಗೆ. ನಮ್ಮದೇ ಗಿಡದ ಮೇಲೆ ಪರೀಕ್ಷೆ ಆಗಬೇಕಲ್ಲ! ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಣ್ಣುಮಗಳೊಬ್ಬಳು ಆಸೆಯಿಂದ ಕೇಳಿದಳು: "ಮದರಂಗಿ ಒಯ್ಯಾಕತ್ತೀರಿ, ಯಾರ ಮದವಿರಿ ಯಪ್ಪಾ?"

"ಮದವಿ ಅಲ್ಲ ಯವ್ವಾ. ಗಿಳೀದು ಕಟಿಂಗ್ ಐತಿ."

ಆಕೆ ಎದ್ದು ಮುಂದಿನ ಸೀಟಿಗೆ ಹೋದಳು.

ಧಾರವಾಡದ ಅಂಗಡಿಯವರು ಬಹಳ ಸಭ್ಯಸ್ಥರು. ನೀರನ್ನೂ ಹಾಕಿಕೊಟ್ಟರು, ಟೊಂಗೆಯನ್ನೂ ತಾವೇ ಹಿಡಿದುಕೊಂಡರು. ಮಷಿನ್ ಜರ್ ಎಂದಿತು, ಟೊಂಗೆ ತಟಕ್ಕನೆ ಬಿತ್ತು, ನನಗೆ ಮೈಮೇಲೆ ಮುಳ್ಳೆದ್ದವು. ಇನ್ನು ದರದ ಮಾತು ತೆಗೆಯಬೇಕು ಎನ್ನುವಷ್ಟರಲ್ಲಿ ಕಾಕಾ ಅದರ ಹಿಡಿಕೆ ನೋಡಿ ಹುಬ್ಬು ಗಂಟಿಕ್ಕಿದರು.

"ಎರಡ ಬಟನ್ ಯಾಕ್ರಿ ಇದಕ್ಕ?"

"ಎರಡೂ ಕೈಲೆ ಒತ್ತಿದ್ರನ ನಡೀತೈತ್ರಿ. ಕೈಬಟ್ಟು ಉಳೀಲಿ ಅಂತ ಹಂಗ ಮಾಡ್ಯಾರ್ರಿ."

"ಒಂದ ಕೈಲೆ ನಡಿಯೂದು ಇಲ್ಲೇನು?"

"ಮತ್ತ ಇನ್ನೊಂದ ಕೈ ಏನ್ ಮಾಡಬೇಕ್ರಿ ಸರ?"

ಕಾಕಾ ಮಷಿನ್ ಕೆಳಗಿಟ್ಟರು. "ಅದು ಸುಮ್ನ ಇರ್ತೈತಿ" ಎಂದರು.

"ಅದಕ್ಕ ತಂಬಿಗಿ ಹಿಡಿಯೂ ಕೆಲಸಾ ಐತ್ರಿ!" ಎಂದು ನಾನು ಬಾಯಿ ಹಾಕಿದೆ. ಅಂಗಡಿಯೆಲ್ಲ ನಕ್ಕಿತು, ಕಾಕಾನೂ ನಕ್ಕರು. ಮಷಿನ್ ಮಾತ್ರ ಅಲ್ಲೇ ಉಳಿಯಿತು.

ದಸರಾ ಹೋಯಿತು. ಕರಡಿಗಳ ಹೊಟ್ಟೆಯಲ್ಲಿ ಗುಬ್ಬಿಗಳು ಸಂಸಾರ ಹೂಡಿದವು. ನೋಡಿದ ಮಷಿನ್ನೆಲ್ಲ ಜಡ, ಹಗುರಾದದ್ದಕ್ಕೆ ವಾಯರು, ವಾಯರಿದ್ದರೆ ಕಾಕಾ ಮುಟ್ಟಲೊಲ್ಲರು: "ಕಾಲಾಗ ಸಿಗತೈತಿ, ಬೀಳತಾರ." ಕಾಕು ಅಂತೂ ಮತ್ತೆ ಮತ್ತೆ ನನ್ನನ್ನು ಕೇಳತೊಡಗಿದರು, "ಕಬ್ಬಣ ತಂದೇನೋ?" ಅಂಥ ಹೊತ್ತಿನಲ್ಲಿ ಸ್ಟೇಷನ್ ರೋಡಿನ ಒಂದು ಅಂಗಡಿಗೆ ಹೊರದೇಶದ ಕಿಟ್ ಬಂದಿದೆಯೆಂಬ ಸುದ್ದಿ ನನ್ನ ಕಿವಿಗೆ ಬಿತ್ತು!

ಏನು ಕಿಟ್ಟು ಅಂತೀರಿ! ಹಸಿರು ಪೆಟ್ಟಿಗೆಯೊಳಗೆ ನಾಲ್ಕು ಮಷಿನ್ನು ಅಂಗಾತ ಮಲಗಿದ್ದವು. ಬೇಲಿ ಕತ್ತರಿಸಲಿಕ್ಕೆ ಒಂದು, ಹುಲ್ಲಿಗೊಂದು, ಎಲೆ ಊದಿ ಒಟ್ಟುಮಾಡಲಿಕ್ಕೆ ಒಂದು. ಮೂಲೆಯಲ್ಲಿ ಮರಿಯ ಹಾಗೆ ಇನ್ನೊಂದು, ಅಂಗೈಯಗಲದ ಹಲ್ಲಿನ ಸಣ್ಣ ಕತ್ತರಿ ಮಷಿನ್ನು. ಅದರ ಬ್ಯಾಟರಿ ಅದರ ಹೊಟ್ಟೆಯೊಳಗೇ. ನನಗೆ ಉತ್ಸಾಹ ತಡೆಯಲಿಲ್ಲ. ತೋಳು ಏರಿಸಿದೆ. ಎದ್ದು ಹೊರಟಂತೆ ಮಾಡಿದೆ, ಕರೆದ ಮೇಲೆ ತಿರುಗಿ ಬಂದೆ. ಪೆಟ್ಟಿಗೆಯ ಮೂಲೆಯ ಒಂದು ಗೀರು ತೋರಿಸಿ ದರ ಇಳಿಸಿದೆ, ಚಹಾ ಕುಡಿದು ಮತ್ತೆ ಇಳಿಸಿದೆ. ಅಂಗಡಿಯ ಸಾಹುಕಾರ, "ಅಣ್ಣಾರ, ನೀವು ಈ ಕಡೆ ಬಂದು ಕುಂಡ್ರಿ, ನಾನ ಆ ಕಡೆ ನಿಂದರ್ತೇನಿ" ಎನ್ನುವ ತನಕ ಬಂತು!

ಆಗ ಕಾಕಾ ತಂಬಿಗಿ ತೆಗೆದರು.

ಒಂದೊಂದಾಗಿ ಎತ್ತಿದರು. ಜಡಾ. ಜಡಾ. ಜಡಾ. ಕಡೆಗೆ ಆ ಮರಿಯನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಹೆಬ್ಬೆರಳಿನಿಂದ ಬಟನ್ ಒತ್ತಿದರು. ಅದು ಜೇನುಹುಳದ ಹಾಗೆ ಗುಂಯ್ ಎಂದಿತು.

"ಇದು! ಇದೊಂದ ಕೊಡ್ರಿ!"

ಸಾಹುಕಾರ ಹಣೆ ಹಣೆ ಬಡಿದುಕೊಂಡ. "ಅಜ್ಜಾರ, ಕಿಟ್ ಒಡದು ಕೊಡಾಕ ಬರೂದಿಲ್ರಿ. ಬ್ಯಾಂಡ್ ಕರಸಾಕ ಬಂದು ಪೀಪಿ ಊದಾವ ಒಬ್ಬಾವ ಸಾಕು ಅಂದಂಗಾತು!"

"ನನಗ ಪೀಪೀನ ಬೇಕೋ ಮಾರಾಯಾ!"

ಅವನು ಒಪ್ಪಲಿಲ್ಲ. ಕಾಕಾ ಮರಿಯನ್ನು ಕೆಳಗಿಡಲಿಲ್ಲ. ನಾನು ಇಬ್ಬರ ನಡುವೆ. ಇಷ್ಟು ಇಳಿಸಿದ ದರವನ್ನು ಬಿಟ್ಟು ಏಳುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಹೀಗಾಗಿ, ಕುಂಡದಲ್ಲಿ ಒಂದು ತುಳಸಿ ಕೂಡ ಇಲ್ಲದ ಮನೆಯವನಾದ ನಾನು ಉಳಿದ ಮೂರು ಗಾರ್ಡನ್ ಮಷಿನ್ನುಗಳನ್ನು ಕೊಂಡುಕೊಂಡೆ! ಗ್ರಿಲ್ಲಿನ ಆರ್ಡರೂ ಹೋಯಿತು, ಮೇಲಿಂದ ಹುಲ್ಲು ಕತ್ತರಿಸುವ ಮಷಿನ್ನೂ ಕೊರಳಿಗೆ ಬಿತ್ತು. (ಎಲೆ ಊದುವ ಮಷಿನ್ ಮಾತ್ರ ವರ್ಕ್‌ಶಾಪಿನ ಕಬ್ಬಿಣದ ಪುಡಿ ಊದಲಿಕ್ಕೆ ಬಹಳ ಛಲೋ. ಗ್ರಿಲ್ಲಿನವರು ಯಾರಾದರೂ ಓದುತ್ತಿದ್ದರೆ ನೆನಪಿಡಿ.)

ಚಾರ್ಜಿಗೆ ಹಚ್ಚಿದರೆ ಕರೆಂಟು ಹೋಗುವುದು, ಬರುವುದು, ಹೋಗುವುದು. ಕಾಕಾ ಆ ಕೆಂಪು ದೀಪದ ಮುಂದೆ, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ದಿನವಿಡೀ ಕೂತರು. ಮಾರನೆಯ ಮುಂಜಾನೆ ನಾನು ತಪ್ಪದೆ ಹಾಜರಾದೆ. ಈ ಸಲ ಯಾವ ಗಿಳಿಯ ಕೊಕ್ಕು ಹಾರುವುದೋ ನೋಡಬೇಕಲ್ಲ!

ಗೇಟು ತೆರೆದು ಒಳಗೆ ಕಾಲಿಟ್ಟೆ. ಕಾಕು ತುಳಸಿಕಟ್ಟೆಯ ಮುಂದಿದ್ದರು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಕೈಯಲ್ಲಿ ತಾಮ್ರದ ತಂಬಿಗಿ. ಅದೇ ತಂಬಿಗಿ! ಮುಂಜಾನೆ ತುಳಸಿಗೆ, ಆಮೇಲೆ ಬಜಾರಕ್ಕೆ. ಪಕ್ಕದ ಬಕೆಟಿನಲ್ಲಿ ಮತ್ತೆ ಅದ್ದಿದರು. ನೀರು ಕುತ್ತಿಗೆಗೆ ಬಂದದ್ದೇ ನಿಲ್ಲಿಸಿ, ಮೆಲ್ಲಗೆ ಎದೆಮಟ್ಟಕ್ಕೆ ಎತ್ತಿದರು. ಅದಕ್ಕಿಂತ ಒಂದು ಗುಟುಕು ಹೆಚ್ಚಾದರೂ ಆ ಕೈ ನಡುಗುತ್ತದೆಂದು ನೋಡಿದವರಿಗೆ ತಿಳಿಯುವಂತಿತ್ತು.

ಕಾಕಾ ನನ್ನ ಪಕ್ಕಕ್ಕೆ ಬಂದು ನಿಂತು ಪಿಸುಗುಟ್ಟಿದರು. "ದವಾಖಾನ್ಯಾಗಿಂದ ಬಂದಾಗ ಅರ್ಧಾನೂ ಎತ್ತತಿದ್ದಿಲ್ಲೋ. ಈಗ ಕುತ್ತಗಿ ತನಕ ಎತ್ತತಾಳ."

 ನಾನು ಗ್ರಿಲ್ಲಿನ ಅಳತೆ ಬರೆದಿಟ್ಟ ಚೀಟಿಯನ್ನು ಕಿಸೆಯಿಂದ ತೆಗೆದು ಹರಿದು ಹಾಕಿದೆ.

ಕಾಕಾ ಮಷಿನ್ ತಂದು ಕಾಕುನ ಎಡಗೈಯಲ್ಲಿ ಇಟ್ಟರು. "ನನಗೇನ ಗಿಳಿ ಮಾಡಾಕ ಬರೂದಿಲ್ಲ, ನೋಡೀಯಲ್ಲಾ. ನೀನ ಹಿಡಿ."

"ಅಯ್ಯ, ಹಗರ ಐತೆಲ್ರಿ! ಎಷ್ಟ ತೂಕ ಐತಿ ಇದು?"

"ನಿನ್ನ ತಂಬಿಗಿಯಷ್ಟ."

ಅವತ್ತು ಕಾಕು ನಿಂತು ನಿಂತು, ಕೂತು ಕೂತು, "ಇಬ್ಬರೂ ದೂರ ಸರೀರಿ" ಎಂದು ನಮ್ಮನ್ನು ಬೈದು ಬೈದು ಎಡಗಡೆಯ ಕರಡಿಯನ್ನು ಕತ್ತರಿಸಿದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಹಿಂದಕ್ಕೆ ಸರಿದು ನೋಡಿ ಮುಖ ಸಿಂಡರಿಸಿದರು.

"ಏನ್ರಿ ಇದು, ಕೋಳಿ ಆಗೇತಿ!"

"ಗಿಳೀನ ಐತಿ. ಸ್ವಲ್ಪ ಹೆಚ್ಚ ಉಂಡೈತಿ, ಅಷ್ಟ" ಎಂದರು ಕಾಕಾ. ಆ ಸಂಜೆ ಕಾಕುನ ಕುರ್ಚಿ ಮತ್ತೆ ಕಿಟಕಿಯ ಕಡೆಗೆ ತಿರುಗಿತು.

ಬೇಸಿಗೆ ಶುರುವಾಗುವ ಹೊತ್ತು. ಒಂದು ದಿನ ನಾನು ವರ್ಕ್‌ಶಾಪಿನಲ್ಲಿದ್ದೆ, ಹೊರಗೆ ಟಂಟಂ ರಿಕ್ಷಾ ಬಂದು ನಿಂತಿತು. ಇಳಿದವರು ಕಾಕಾ! ಎರಡೂ ಕೈಯಲ್ಲಿ ತಂಬಿಗಿ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದರು. ಅಂಗಿ, ಧೋತರ ಎಲ್ಲ ತೊಯ್ದು ತಪ್ಪಡಿ. ನಮ್ಮ ರಸ್ತೆಗಳು ನಿಮಗೆ ಗೊತ್ತಲ್ಲ? ತಂಬಿಗಿಯಲ್ಲಿ ನೀರು ತಳ ಕಂಡಿತ್ತು.

"ತಮ್ಮಾ, ತುಂಬಿತ್ತೋ ಇದು!" ಅವರಿಗೆ ಉಸಿರು ಹತ್ತಿತ್ತು. "ಇವತ್ತ ಮುಂಜಾನೆ ಆಕಿ... ನಿನಗ ತೋರಸಬೇಕಂತ ಹಂಗ ತಂದೆ... ಹಾದ್ಯಾಗ ಚೆಲ್ಲಿತು. ಖರೇ ಹೇಳ್ತೇನಿ, ಬಾಯಿ ತನಕ ತುಂಬಿತ್ತೋ!"

ನಾನು ತಂಬಿಗಿ ಇಸಿದುಕೊಂಡು, ನೀರಿನ ಬ್ಯಾರಲ್ಲಿಗೆ ಒಯ್ದು, ಅಂಚು ಮುಟ್ಟುವ ತನಕ ತುಂಬಿಸಿ ಅವರ ಮುಂದೆ ಹಿಡಿದೆ.

"ಇಷ್ಟ ಏನ್ರಿ ಕಾಕಾ?"

ಅವರು ತಂಬಿಗಿಯ ಅಂಚಿಗೆ ಬೆರಳು ಹಚ್ಚಿ ನೋಡಿದರು. ತಲೆ ಹೌದು, ಹೌದು ಎಂದು ಆಡಿತು.

ನಾನು ಕೈ ತೊಳೆದುಕೊಂಡು ಸ್ಕೂಟರಿನ ಕೀಲಿ ತೆಗೆದುಕೊಂಡೆ. "ನಡೀರಿ ಮತ್ತ. ಒಂದು ಸ್ವಲ್ಪ ದೊಡ್ಡ ಮಷಿನ್ ನೋಡಿಕೊಂಡ ಬರೂಣು."