ಮೈನಸ್ ಹದಿನೆಂಟರಲ್ಲಿ ನನ್ನ ಬೆವರಿಳಿಸಿದವರಿಗೆ

ಮಾನ್ಯ ಹೈಪೊಥಲಾಮಸ್ ಅವರೇ,

ನನ್ನ ಮಿದುಳಿನ ತಳದಲ್ಲಿ ಬಾದಾಮಿಯಷ್ಟು ಜಾಗದಲ್ಲಿ ಕಚೇರಿ ಹೂಡಿ, ಐವತ್ತೊಂದು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ನನ್ನ ಮೈಶಾಖ ಕಾಯ್ದುಕೊಂಡು ಬಂದ ತಮಗೆ, ಈ ಮೈಯ ಖಾಯಂ ನಿವಾಸಿಯಾದ ನನ್ನ ಸವಿನಯ ವಂದನೆಗಳು. ಬಿಸಿಲಲ್ಲಿ ಬೆವರಿಸಿ ತಣಿಸಿದಿರಿ, ಚಳಿಯಲ್ಲಿ ಹಲ್ಲು ಕಟಕಟ ಅನ್ನಿಸಿ ಬೆಚ್ಚಗಿಟ್ಟಿರಿ. ಅದಕ್ಕೆಲ್ಲ ನಾನು ಋಣಿ.

ಆದರೆ ಇತ್ತೀಚಿನ ತಮ್ಮ ಕಾರ್ಯವೈಖರಿಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ನಾನು ಹೆಪ್ಪುಗಟ್ಟಿಸಿದ ಬಟಾಣಿಯ ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕಿ ಎಂಬುದು ತಮಗೆ ತಿಳಿಯದ್ದೇನಲ್ಲ. ಕಳೆದ ಮಂಗಳವಾರ ಬೆಳಿಗ್ಗೆ, ಮೈನಸ್ ಹದಿನೆಂಟು ಡಿಗ್ರಿಯಲ್ಲಿ ನಾನು ಪೆಟ್ಟಿಗೆಗಳ ಚೀಟಿ ಪರೀಕ್ಷಿಸುತ್ತಿದ್ದಾಗ, ತಾವು ಮುನ್ಸೂಚನೆಯಿಲ್ಲದೆ ಎದೆಯಿಂದ ನೆತ್ತಿಯವರೆಗೆ ಒಲೆ ಹಚ್ಚಿದಿರಿ. ನಾನು ದಪ್ಪ ಕೋಟು ಬಿಚ್ಚಿ, ಟೋಪಿ ಕಿತ್ತೆಸೆದು, ಬಟಾಣಿಯ ಚೀಲವೊಂದನ್ನು ಕುತ್ತಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ.

ಎಡವಟ್ಟಾದದ್ದು ಅಲ್ಲೇ. ಚಳಿ ಮಿತಿಮೀರಿ ತಾಗಿದವರಿಗೆ ಕೊನೆಕೊನೆಗೆ ಸೆಕೆಯ ಭ್ರಮೆ ಹುಟ್ಟಿ ಬಟ್ಟೆ ಬಿಚ್ಚತೊಡಗುವುದುಂಟು; ಆದ್ದರಿಂದ ಒಳಗೆ ಕೋಟು ಬಿಚ್ಚಿದವರನ್ನು ಏನೂ ಕೇಳದೆ ಹೊರಗೊಯ್ಯಬೇಕೆಂಬುದು ನಮ್ಮ ನಿಯಮ. ಅದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದವಳು ನಾನೇ. ಫೋರ್ಕ್‌ಲಿಫ್ಟ್ ಓಡಿಸುವ ನಮ್ಮ ಪೈಲ್ವಾನ ನನ್ನನ್ನು ಅನಾಮತ್ತಾಗಿ ಎತ್ತಿ ಹೊರಗೊಯ್ದು, ಮೂರು ಕಂಬಳಿ ಸುತ್ತಿ, ಹೀಟರ್ ಮುಂದೆ ಕೂರಿಸಿದ. ನನಗೆ ಸೆಕೆಯಾಗುತ್ತಿದೆ ಎಂದು ಅಂಗಲಾಚಿದರೆ, "ಹಾಗೇ ಅನ್ಸತ್ತೆ ಅಕ್ಕಾ, ನೀವೇ ಹೇಳ್ಕೊಟ್ಟಿದ್ದಲ್ವಾ" ಎಂದು ನಾಲ್ಕನೆಯದನ್ನೂ ಹೊದಿಸಿದ. ತಾವು ಬೇಯಿಸಿದಿರಿ, ಅವನು ಮುಚ್ಚಳ ಮುಚ್ಚಿದ.

ಈಗ ನಮ್ಮ ಸುರಕ್ಷತಾಧಿಕಾರಿ ಸಾಹೇಬರು ನನ್ನದು ಚಳಿ ತಾಳದ ಮೈಯೆಂದು ತೀರ್ಮಾನಿಸಿ, ಇಪ್ಪತ್ತೆರಡು ವರ್ಷ ನಾನು ನಡೆಸಿದ ಜಾಗದಿಂದ ಎಬ್ಬಿಸಿ ಕಿಟಕಿಯಿಲ್ಲದ ಕಡತದ ಕೋಣೆಗೆ ಹಾಕಲು ಹೊರಟಿದ್ದಾರೆ. ಬೇಡವೆಂದರೆ ಶುಕ್ರವಾರದೊಳಗೆ ಲಿಖಿತ ಕಾರಣ ಕೊಡಬೇಕಂತೆ. ಗೋದಾಮಿನ ಕೆಲಸ ಕೈಬಿಟ್ಟು ಹೋದೀತೆಂದು ನನಗೆ ನಿಜಕ್ಕೂ ಭಯವಾಗಿದೆ. ಆದ್ದರಿಂದ ಮುಂದಿನ ಬಾರಿ ಒಲೆ ಹಚ್ಚುವ ಮೂರು ದಿನ ಮೊದಲು ನೋಟಿಸು ಕಳಿಸಬೇಕಾಗಿಯೂ, ಮಿಕ್ಕ ಶಾಖವನ್ನು ನೇರವಾಗಿ ನಮ್ಮ ಬಚ್ಚಲಮನೆಯ ಗೀಸರಿಗೆ ತಿರುಗಿಸಬೇಕಾಗಿಯೂ ಪ್ರಾರ್ಥನೆ. ಗೀಸರು ಕೆಟ್ಟು ತಿಂಗಳಾಗಿದೆ.

ತಮ್ಮನ್ನು ತಲೆಯೊಳಗೆ ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಕೋಲ್ಡ್ ಸ್ಟೋರೇಜ್ ಮೇಲ್ವಿಚಾರಕಿ

ಮರುದಿನ ಸೇರಿಸಿದ್ದು: ಗಂಡಸರೇ ತುಂಬಿರುವ ಕಚೇರಿಗೆ ಕಾರಣ ಬರೆಯಲು ನಾಚಿ ಎರಡು ಹಾಳೆ ಹರಿದೆ. ಮೂರನೆಯದರಲ್ಲಿ "ಮುಟ್ಟು ನಿಲ್ಲುವ ವಯಸ್ಸು, ಬೇರೇನೂ ಕಾಯಿಲೆಯಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು, ಈ ಪತ್ರವನ್ನೂ ಜೊತೆಗಿಟ್ಟು ಸೂಚನಾಫಲಕಕ್ಕೇ ಅಂಟಿಸಿದೆ. ಸುರಕ್ಷತಾಧಿಕಾರಿ ಸಾಹೇಬರು ಓದಿ, ಕೆಮ್ಮಿ, ವರ್ಗಾವಣೆಯ ಆದೇಶವನ್ನು ಸಹಿಯಿಲ್ಲದೆ ಮಡಚಿಟ್ಟರು. ಅವರ ಹಿಂದೆಯೇ ನಿಂತು ಓದಿದ, ಪ್ಯಾಕಿಂಗ್ ವಿಭಾಗದಲ್ಲಿರುವ ಅವರ ಧರ್ಮಪತ್ನಿ, ನನ್ನ ಗೋದಾಮಿನೊಳಗೆ ದಿನಕ್ಕೆ ಹತ್ತು ನಿಮಿಷ ನಿಲ್ಲಬಹುದೇ ಎಂದು ಕೇಳಿದ್ದಾರೆ. ಅವರಿಗೆ ಕೋಟು ಬೇಡವಂತೆ.